ಡ್ರೈನ್ ಪ್ಲಗ್‌ನ ಥ್ರೆಡ್ ಹೋದಾಗ: ದುರಸ್ತಿಯ ಕ್ರಮ, ವೆಚ್ಚದ ವಿವೇಚನೆ ಮತ್ತು ಲೆಕ್ಕದ ದಾಖಲೆ

ವ್ಯಾಪಾರಿಗಳ ಹಾಗೂ ಸಣ್ಣ ಉದ್ಯಮಿಗಳ ಲೆಕ್ಕಪುಸ್ತಕಗಳಲ್ಲಿ ವಾಹನ ದುರಸ್ತಿಯ ಖಾತೆಯು ಸಾಮಾನ್ಯವಾಗಿ ಚಿಕ್ಕ ಚಿಕ್ಕ ಮೊತ್ತಗಳಿಂದಲೇ ತುಂಬಿರುತ್ತದೆ. ಪಂಕ್ಚರ್, ಬ್ರೇಕ್ ಲೈನರ್, ಎಣ್ಣೆ ಬದಲಾವಣೆ, ಬಲ್ಬು ಮುಂತಾದವುಗಳ ನಡುವೆ ಒಮ್ಮೊಮ್ಮೆ ದೊಡ್ಡ ಬಿಲ್ಲೊಂದು ಕಾಣಿಸಿಕೊಳ್ಳುತ್ತದೆ. ಅಂತಹ ಬಿಲ್ಲಿನ ಹಿಂದುಮುಂದು ವಿಚಾರಿಸಿದರೆ, ಕೆಲವು ವಾರಗಳ ಹಿಂದೆ ಕಡಿಮೆ ಖರ್ಚಿನಲ್ಲಿ ಮುಗಿಸಿದ ಯಾವುದೋ ತಾತ್ಕಾಲಿಕ ದುರಸ್ತಿಯೇ ಅದಕ್ಕೆ ಮೂಲವಾಗಿರುವುದು ಅಪರೂಪವಲ್ಲ. ಗೇರ್ ಪೆಟ್ಟಿಗೆಯ ತಳದಲ್ಲಿರುವ ಎಣ್ಣೆ ಇಳಿಸುವ ತಿರುಪು, ಅಂದರೆ ಡ್ರೈನ್ ಪ್ಲಗ್, ಇದಕ್ಕೆ ಉತ್ತಮ ನಿದರ್ಶನ. ಪ್ಲಗ್‌ನ ಬೆಲೆ ಅತ್ಯಲ್ಪ. ಅದು ಕಾಯುವ ಯಂತ್ರಭಾಗದ ಬೆಲೆ ಅದರ ನೂರಾರು ಪಟ್ಟು. ಆದುದರಿಂದ ಅದರ ಥ್ರೆಡ್ ಕೆಟ್ಟಾಗ ಏನು ಮಾಡಬೇಕೆಂಬ ನಿರ್ಧಾರವನ್ನು ಮೆಕ್ಯಾನಿಕ್‌ಗೆ ಮಾತ್ರ ಬಿಡದೆ ಮಾಲೀಕನೂ ತಿಳಿದು ಕೈಗೊಳ್ಳುವುದು ಲೇಸು.

ಥ್ರೆಡ್ ಕೆಡಲು ಕಾರಣಗಳು

ಪ್ಲಗ್ ಸಾಮಾನ್ಯವಾಗಿ ಉಕ್ಕಿನದು. ಅದು ಕೂರುವ ಭಾಗ ಅನೇಕ ವಾಹನಗಳಲ್ಲಿ ಅಲ್ಯೂಮಿನಿಯಂ ಎರಕದ್ದು. ಗಟ್ಟಿ ಲೋಹವೂ ಮೃದು ಲೋಹವೂ ಕೂಡಿ ಬಿಗಿಯಾದಾಗ ಸವೆಯುವುದು ಮೃದುವಾದದ್ದೇ. ಪ್ರತಿ ಬಾರಿ ಎಣ್ಣೆ ಬದಲಾಯಿಸುವಾಗಲೂ ಪ್ಲಗ್ ಬಿಚ್ಚಿ ಹಾಕುವುದರಿಂದ ಈ ಎಳೆಗಳ ಮೇಲೆ ಒತ್ತಡ ಮರಳಿ ಮರಳಿ ಬೀಳುತ್ತದೆ. ಇದಲ್ಲದೆ ನಾಲ್ಕು ತಪ್ಪುಗಳು ಸಾಮಾನ್ಯ.

ಒಂದನೆಯದು, ಹಳೆಯ ವಾಷರನ್ನೇ ಮತ್ತೆ ಬಳಸುವುದು. ಪ್ಲಗ್‌ನ ಕೆಳಗಿರುವ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಜಜ್ಜಿಹೋಗಿ ಎಣ್ಣೆಯನ್ನು ತಡೆಯುವಂತೆ ರೂಪಿತವಾದದ್ದು. ಎರಡನೆಯ ಬಾರಿ ಅದು ಜಿನುಗಿದರೆ, ಜಿನುಗು ನಿಲ್ಲಿಸಲೆಂದು ಪ್ಲಗನ್ನು ಇನ್ನಷ್ಟು ಬಿಗಿ ಮಾಡಲಾಗುತ್ತದೆ. ಎರಡನೆಯದು, ಉದ್ದವಾದ ಪಾನಾ ಹಾಕಿ ಅಳತೆಯಿಲ್ಲದೆ ಬಿಗಿ ಮಾಡುವುದು. ಮೂರನೆಯದು, ಪ್ಲಗನ್ನು ಮೊದಲು ಕೈಬೆರಳಿನಿಂದ ತಿರುಗಿಸದೆ ನೇರವಾಗಿ ಪಾನಾದಿಂದ ಓರೆಯಾಗಿ ಕೂರಿಸುವುದು. ನಾಲ್ಕನೆಯದು, ಹೋಲುವಂತಿರುವ ಬೇರೊಂದು ಅಳತೆಯ ಪ್ಲಗ್ ಬಳಸುವುದು. ವ್ಯಾಸ ಒಂದೇ ಆಗಿದ್ದರೂ ಎಳೆಗಳ ಅಂತರ, ಅಂದರೆ ಪಿಚ್, 1.25 ಮಿ.ಮೀ. ಇರುವಲ್ಲಿ 1.5 ಮಿ.ಮೀ. ಪ್ಲಗ್ ಹಾಕಿದರೆ ಎರಡು ಮೂರು ಸುತ್ತಿನ ನಂತರ ಅದು ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ.

ಸೋರಿಕೆಯ ಅಪಾಯ

ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದರೆ ಚಾಲಕನ ಮುಂದೆ ಕೆಂಪು ದೀಪ ಬೆಳಗುತ್ತದೆ. ಸಾಮಾನ್ಯ ಗೇರ್ ಪೆಟ್ಟಿಗೆಗೆ ಅಂತಹ ಎಚ್ಚರಿಕೆಯ ದೀಪವಿರುವುದಿಲ್ಲ. ಎಣ್ಣೆ ಇಳಿದ ಸಂಗತಿ ಬೇರಿಂಗಿನ ಸದ್ದಿನಿಂದಲೋ ಗೇರ್ ಬೀಳದೆ ಹೋಗುವುದರಿಂದಲೋ ತಿಳಿಯುತ್ತದೆ; ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ.

ಹನಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಉಪಯುಕ್ತ. ಹತ್ತು ಸೆಕೆಂಡಿಗೆ ಒಂದು ಹನಿಯಂತೆ ದಿನವಿಡೀ ಬಿದ್ದರೆ 8,640 ಹನಿಗಳಾಗುತ್ತವೆ. ಇಪ್ಪತ್ತರಿಂದ ಮೂವತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ಸುಮಾರು 290ರಿಂದ 430 ಮಿಲಿಲೀಟರ್ ಹೋದಂತಾಯಿತು. ಚಿಕ್ಕ ಸರಕು ವಾಹನದ ಗೇರ್ ಪೆಟ್ಟಿಗೆಯಲ್ಲಿರುವ ಎಣ್ಣೆಯೇ ಕೆಲವು ಲೀಟರ್. 'ಸ್ವಲ್ಪ ಜಿನುಗುತ್ತದೆ, ಪರವಾಗಿಲ್ಲ' ಎಂದುಕೊಂಡ ವಾಹನವು ವಾರದೊಳಗೆ ಎಣ್ಣೆಯಿಲ್ಲದೆ ಓಡುವ ಸ್ಥಿತಿಗೆ ಬರಬಹುದು.

ಥ್ರೆಡ್ ಯಾವ ಭಾಗದಲ್ಲಿದೆ?

ದುರಸ್ತಿಯ ಕ್ರಮವನ್ನು ನಿರ್ಧರಿಸುವ ಮುಖ್ಯ ಪ್ರಶ್ನೆ ಇದು. ಆಟೊಮ್ಯಾಟಿಕ್ ಗೇರಿನ ವಾಹನಗಳಲ್ಲಿ ಅನೇಕವಕ್ಕೆ ಗೇರ್ ಪೆಟ್ಟಿಗೆಯ ತಳದಲ್ಲಿ ತಟ್ಟೆಯಂತಹ ಪ್ರತ್ಯೇಕ ಭಾಗವೊಂದಿರುತ್ತದೆ. ಅದೇ ಆಯಿಲ್ ಪ್ಯಾನ್. ಸುತ್ತಲಿನ ಬೋಲ್ಟುಗಳನ್ನು ತೆಗೆದರೆ ಅದು ಕಳಚಿ ಕೈಗೆ ಬರುತ್ತದೆ. ತಗಡಿನ ಪ್ಯಾನ್‌ನಲ್ಲಿ ಪ್ಲಗ್‌ಗಾಗಿ ದಪ್ಪನೆಯ ನಟ್ಟನ್ನು ಬೆಸುಗೆ ಹಾಕಿರುತ್ತಾರೆ. ಅಲ್ಯೂಮಿನಿಯಂ ಪ್ಯಾನ್‌ನಲ್ಲಿ ಎಳೆಗಳನ್ನು ಎರಕದಲ್ಲೇ ಕೊರೆದಿರುತ್ತಾರೆ. ಇಲ್ಲಿ ಕೆಟ್ಟದ್ದು ಬದಲಾಯಿಸಬಹುದಾದ ಭಾಗ.

ಸರಕು ಸಾಗಿಸುವ ಹೆಚ್ಚಿನ ವಾಹನಗಳಲ್ಲಿ ಇರುವುದು ಕೈಯಿಂದ ಗೇರ್ ಹಾಕುವ ವ್ಯವಸ್ಥೆ. ಅಲ್ಲಿ ಪ್ರತ್ಯೇಕ ಪ್ಯಾನ್ ಇಲ್ಲದೆ ಪ್ಲಗ್ ನೇರವಾಗಿ ಗೇರ್ ಪೆಟ್ಟಿಗೆಯ ಮುಖ್ಯ ಕವಚದಲ್ಲೇ ಕೂರುವುದು ಸಾಮಾನ್ಯ. ಎ.ಎಂ.ಟಿ. ಎಂದು ಕರೆಯುವ ವಾಹನಗಳು ಓಡಿಸುವವರಿಗೆ ಆಟೊಮ್ಯಾಟಿಕ್ ಎನಿಸಿದರೂ ಅವುಗಳ ಒಳಗಿರುವುದು ಇದೇ ಬಗೆಯ ಗೇರ್ ಪೆಟ್ಟಿಗೆ. ಇಲ್ಲಿ ಎಳೆ ಕೆಟ್ಟರೆ ಕೆಡುವುದು ಬದಲಾಯಿಸಲು ಇಡೀ ಪೆಟ್ಟಿಗೆಯನ್ನೇ ಬಿಚ್ಚಬೇಕಾದ ಭಾಗ. ಆದುದರಿಂದ ಇಲ್ಲಿ ಒಮ್ಮೆ ಮಾಡುವ ದುರಸ್ತಿ ವಾಹನದ ಆಯುಷ್ಯಕ್ಕೆ ಸಲ್ಲುವಂತಿರಬೇಕು. ತಪ್ಪಾಗಿ ಕೊರೆದ ರಂಧ್ರವನ್ನು ಸರಿಪಡಿಸುವುದು ಬಹಳ ಕಷ್ಟ.

ದುರಸ್ತಿಯ ಕ್ರಮಗಳು

1. ಪ್ಲಗ್ ಮತ್ತು ವಾಷರ್ ಬದಲಾವಣೆ: ಎಳೆ ಕೆಟ್ಟಿರುವುದು ಪ್ಲಗ್‌ನಲ್ಲಿ ಮಾತ್ರವೋ ರಂಧ್ರದಲ್ಲಿಯೂ ಉಂಟೋ ಎಂಬುದನ್ನು ಮೊದಲು ನೋಡಬೇಕು. ತಯಾರಕರ ಹೊಸ ಪ್ಲಗ್ ಕೈಬೆರಳಿನಿಂದಲೇ ಕೊನೆಯವರೆಗೆ ಅಲುಗಾಡದೆ ತಿರುಗಿದರೆ ಅಷ್ಟಕ್ಕೇ ಕೆಲಸ ಮುಗಿಯಬಹುದು. ಮೊದಲ ಒಂದೆರಡು ಎಳೆಗಳು ಮಾತ್ರ ಜಜ್ಜಿದ್ದರೆ ಸರಿಯಾದ ಅಳತೆಯ ಟ್ಯಾಪ್ ಹೊಡೆದು ಶುದ್ಧಗೊಳಿಸಬಹುದು.

2. ದೊಡ್ಡ ಅಳತೆಯ ಪ್ಲಗ್: ಇದ್ದ ರಂಧ್ರವನ್ನು ತುಸು ದೊಡ್ಡದು ಮಾಡಿ ಮುಂದಿನ ಅಳತೆಯ ಪ್ಲಗ್ ಹಾಕುವ ವಿಧಾನವಿದು. ತಾನೇ ಎಳೆ ಕೊರೆದುಕೊಂಡು ಹೋಗುವ ಪ್ಲಗ್‌ಗಳೂ ಮಾರುಕಟ್ಟೆಯಲ್ಲಿವೆ. ಇವು ಅಗ್ಗ, ಆದರೆ ಓರೆಯಾಗಿ ಕೂರುವ ಸಂಭವ ಹೆಚ್ಚು, ಕೊರೆದ ಪುಡಿ ಒಳಗೆ ಬೀಳುತ್ತದೆ, ಸುತ್ತಲಿನ ಲೋಹ ತೆಳ್ಳಗಾಗುತ್ತದೆ. ಬದಲಾಯಿಸಬಹುದಾದ ಪ್ಯಾನ್‌ಗೆ ತಾತ್ಕಾಲಿಕವಾಗಿ ಒಪ್ಪಬಹುದು. ಮುಖ್ಯ ಕವಚಕ್ಕೆ ಇದು ತಕ್ಕುದಲ್ಲ.

3. ತಂತಿಸುರುಳಿಯ ಜೋಡಣೆ: ಹೆಲಿಕಾಯಿಲ್ ಎಂಬ ಹೆಸರಿನಿಂದ ಪರಿಚಿತವಾದ ಈ ಕ್ರಮದಲ್ಲಿ ಕೆಟ್ಟ ಎಳೆಗಳನ್ನು ಡ್ರಿಲ್ ಮಾಡಿ ತೆಗೆದು, ಅದಕ್ಕೆಂದೇ ಇರುವ ಟ್ಯಾಪಿನಿಂದ ಹೊಸ ಎಳೆ ಕೊರೆದು, ಸ್ಟೇನ್‌ಲೆಸ್ ಉಕ್ಕಿನ ಸುರುಳಿಯನ್ನು ತಿರುಗಿಸಿ ಕೂರಿಸಲಾಗುತ್ತದೆ. ಒಳಭಾಗದಲ್ಲಿ ಮೊದಲಿನ ಅಳತೆಯೇ ದೊರೆಯುವುದರಿಂದ ಹಳೆಯ ಅಳತೆಯ ಪ್ಲಗ್‌ನ್ನೇ ಬಳಸಬಹುದು. ಸುರುಳಿಯ ಮೇಲ್ತುದಿ ಹೊರಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಒಳಗಿರಬೇಕು. ಹೊರಚಾಚಿದರೆ ವಾಷರ್ ಸಮನಾಗಿ ಕೂರುವುದಿಲ್ಲ. ಕೂರಿಸಿದ ನಂತರ ಸುರುಳಿಯ ತುದಿಯ ಚಿಕ್ಕ ಕೊಂಡಿಯನ್ನು ಮುರಿದು ತಪ್ಪದೆ ಹೊರತೆಗೆಯಬೇಕು.

4. ಗಟ್ಟಿ ಬುಷ್: ಸುರುಳಿಯ ಬದಲಿಗೆ ಒಳಗೂ ಹೊರಗೂ ಎಳೆಗಳಿರುವ ಲೋಹದ ಬುಷ್ ಕೂರಿಸುವ ಕ್ರಮವಿದು. ಬಾರಿ ಬಾರಿ ಬಿಚ್ಚುವ ಪ್ಲಗ್‌ಗೆ ಇದು ಹೆಚ್ಚು ಬಾಳಿಕೆಯದು, ಏಕೆಂದರೆ ಪ್ಲಗ್ ಬಿಚ್ಚುವಾಗ ಸುರುಳಿ ಜೊತೆಯಲ್ಲೇ ಎದ್ದುಬರುವ ಭಯವಿಲ್ಲ. ಬುಷ್‌ನ ಕಂಠ ಹೊರಮೈಗೆ ಸಮನಾಗಿ ಕೂರಬೇಕು. ಮುಖ್ಯ ಕವಚದ ದುರಸ್ತಿಗೆ ಅನುಭವಿ ಕೈ ದೊರೆತಲ್ಲಿ ಇದನ್ನೇ ಆರಿಸುವುದು ಉಚಿತ.

5. ಹೊಸ ನಟ್ ಬೆಸೆಯುವುದು ಅಥವಾ ಪ್ಯಾನ್ ಬದಲಾವಣೆ: ತಗಡಿನ ಪ್ಯಾನ್ ಆದರೆ ಹೊಸ ನಟ್ ಬೆಸೆಯಿಸಬಹುದು. ಪ್ಯಾನ್ ಕಳಚಿ, ಎಣ್ಣೆಯ ಅಂಶ ಉಳಿಯದಂತೆ ತೊಳೆದ ನಂತರವೇ ಈ ಕೆಲಸ ಮಾಡಬೇಕು. ವಾಹನಕ್ಕೆ ಜೋಡಿಸಿದ ಸ್ಥಿತಿಯಲ್ಲಿ ಬೆಸುಗೆ ಹಾಕುವುದು ಬೆಂಕಿಗೂ ವಿದ್ಯುನ್ಮಾನ ಘಟಕಗಳ ಹಾನಿಗೂ ದಾರಿ. ಪ್ಯಾನ್ ಬಾಗಿದ್ದರೆ, ಸೀಳು ಬಿಟ್ಟಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಹೊಸದನ್ನು ಹಾಕುವುದೇ ಕಡಿಮೆ ವೆಚ್ಚದ ಮಾರ್ಗ. ಹೊಸ ಪ್ಯಾನ್ ಜೊತೆಗೆ ಹೊಸ ಗ್ಯಾಸ್ಕೆಟ್ ಬಳಸಬೇಕು. ಫಿಲ್ಟರ್ ಕೈಗೆಟಕುವ ವಾಹನಗಳಲ್ಲಿ ಅದನ್ನೂ ಆಗಲೇ ಬದಲಾಯಿಸುವುದು ಒಳ್ಳೆಯದು.

ಕೆಲವು ಗೇರ್ ಪೆಟ್ಟಿಗೆಗಳಲ್ಲಿ ವಾಷರ್ ಇಲ್ಲದೆ ಕ್ರಮೇಣ ದಪ್ಪವಾಗುವ ಎಳೆಯ ಪ್ಲಗ್ ಇರುತ್ತದೆ. ಅಲ್ಲಿ ಎಣ್ಣೆಯನ್ನು ತಡೆಯುವುದು ಎಳೆಯೇ ಹೊರತು ವಾಷರ್ ಅಲ್ಲ. ಅಂತಹ ಸ್ಥಳಕ್ಕೆ ಸಾಮಾನ್ಯ ತಂತಿಸುರುಳಿ ಹೊಂದುವುದಿಲ್ಲ. ಈ ವ್ಯತ್ಯಾಸವನ್ನು ಕೆಲಸ ಆರಂಭವಾಗುವ ಮೊದಲೇ ಕೇಳಿ ತಿಳಿಯಬೇಕು.

ಮಾಡಬಾರದ ಕೆಲಸಗಳು

ಟೆಫ್ಲಾನ್ ಟೇಪ್ ಸುತ್ತುವುದು, ಎಪಾಕ್ಸಿ ಅಂಟು ಮೆತ್ತುವುದು ಮತ್ತು 'ಇನ್ನೊಂದು ಸುತ್ತು ಬಿಗಿ' ಮಾಡುವುದು ರಸ್ತೆಬದಿಯ ಮೂರು ಸುಲಭೋಪಾಯಗಳು. ಟೇಪಿನ ಚೂರು ಒಳಗೆ ಸೇರಿ ಫಿಲ್ಟರಿಗೆ ಅಡ್ಡವಾಗಬಹುದು. ಹಿಡಿತ ಕಳೆದುಕೊಂಡ ಎಳೆಗೆ ಟೇಪು ಬಲ ಕೊಡುವುದಿಲ್ಲ. ಎಪಾಕ್ಸಿ ಒಂದು ವೇಳೆ ನಿಂತರೆ ಮುಂದಿನ ಬಾರಿ ಎಣ್ಣೆ ಇಳಿಸಲು ಪ್ಲಗನ್ನು ಒಡೆಯಬೇಕಾಗುತ್ತದೆ. ನಿಲ್ಲದಿದ್ದರೆ ನಡುದಾರಿಯಲ್ಲಿ ಪ್ಲಗ್ ಬಿದ್ದುಹೋಗುತ್ತದೆ. ಊರಿನಿಂದ ದೂರದಲ್ಲಿ ಸಿಕ್ಕಿಕೊಂಡ ವಾಹನವನ್ನು ಹತ್ತಿರದ ಕಾರ್ಯಾಗಾರಕ್ಕೆ ತರಲು ಇಂತಹದೊಂದು ಉಪಾಯ ಅನಿವಾರ್ಯವಾಗಬಹುದು. ಅದನ್ನೇ ದುರಸ್ತಿಯೆಂದು ಭಾವಿಸಿ ಮರುದಿನ ಸರಕು ತುಂಬಿ ಕಳುಹಿಸುವುದು ತಪ್ಪು.

ಕೊರೆದ ಲೋಹದ ಪುಡಿಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಆಟೊಮ್ಯಾಟಿಕ್ ಪೆಟ್ಟಿಗೆಯೊಳಗೆ ಕೂದಲೆಳೆಯ ಅಂತರದಲ್ಲಿ ಜಾರುವ ಕವಾಟಗಳಿವೆ. ಅಲ್ಯೂಮಿನಿಯಂ ಚೂರು ಅಲ್ಲಿ ಸಿಕ್ಕಿದರೆ ಗೇರ್ ಬದಲಾವಣೆಯೇ ಕೆಡುತ್ತದೆ. ಆದಕಾರಣ ಪ್ಯಾನನ್ನು ಕಳಚಿ ಮೇಜಿನ ಮೇಲಿಟ್ಟು ಕೊರೆಯುವುದೇ ಸರಿಯಾದ ಕ್ರಮ. ಕಳಚಲಾಗದ ಮುಖ್ಯ ಕವಚವಾದರೆ ಡ್ರಿಲ್ಲಿಗೂ ಟ್ಯಾಪಿಗೂ ಗ್ರೀಸ್ ಬಳಿದು, ಕೆಲವು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ, ಕೊನೆಯಲ್ಲಿ ಸ್ವಲ್ಪ ಎಣ್ಣೆಯನ್ನು ಮೇಲಿನಿಂದ ಹಾಕಿ ತಳದ ರಂಧ್ರದಿಂದ ಹರಿಸಿಬಿಡಬೇಕು. ಆ ಎಣ್ಣೆಯನ್ನು ಮತ್ತೆ ಬಳಸಬಾರದು.

ವೆಚ್ಚದ ವಿವೇಚನೆ

ನಗರದಲ್ಲಿ ಸರಕು ವಿತರಿಸುವ ವ್ಯಾಪಾರಿಯೊಬ್ಬರಲ್ಲಿ ಒಂದೇ ಸರಕು ವಾಹನವಿದೆ ಎಂದು ಭಾವಿಸೋಣ. ಮುಂದಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಊಹಿಸಿದವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಅಂಟು ಹಾಕಿ ಕಳುಹಿಸುವ ಉಪಾಯಕ್ಕೆ ವೆಚ್ಚ ರೂ. 200. ಬುಷ್ ಕೂರಿಸುವ ದುರಸ್ತಿಗೆ ರೂ. 1,500, ಅರ್ಧ ದಿನ ಬಾಡಿಗೆ ವಾಹನಕ್ಕೆ ರೂ. 1,000, ಒಟ್ಟು ರೂ. 2,500. ಎಣ್ಣೆಯ ಖರ್ಚು ಎರಡರಲ್ಲೂ ಸಮಾನ. ಮೊದಲ ಉಪಾಯ ವಿಫಲವಾಗಿ ಎಣ್ಣೆಯಿಲ್ಲದೆ ಓಡಿದರೆ ಗೇರ್ ಪೆಟ್ಟಿಗೆಯ ದುರಸ್ತಿಗೆ ರೂ. 30,000, ಐದು ದಿನದ ಬಾಡಿಗೆ ವಾಹನಕ್ಕೆ ದಿನಕ್ಕೆ ರೂ. 2,000ದಂತೆ ರೂ. 10,000, ಒಟ್ಟು ರೂ. 40,000.

ಸರಿಯಾದ ದುರಸ್ತಿಗೆ ತಗಲುವ ಹೆಚ್ಚುವರಿ ವೆಚ್ಚ ರೂ. 2,300. ಇದನ್ನು ರೂ. 40,000ದಿಂದ ಭಾಗಿಸಿದರೆ ಶೇ. 5.75 ಬರುತ್ತದೆ. ಅರ್ಥಾತ್, ಅಂಟು ಹಾಕಿದ ಹದಿನೇಳು ವಾಹನಗಳಲ್ಲಿ ಒಂದು ಕೆಟ್ಟರೂ ಅಗ್ಗದ ಉಪಾಯದಿಂದ ಉಳಿಸಿದ ಹಣವೆಲ್ಲ ಹೋಯಿತು. ಕೆಟ್ಟ ಎಳೆಯ ಮೇಲೆ ಹಚ್ಚಿದ ಅಂಟು ಹದಿನೇಳರಲ್ಲಿ ಹದಿನಾರು ಬಾರಿ ನಿಲ್ಲುವುದೆಂದು ಯಾವ ಅನುಭವಿ ಮೆಕ್ಯಾನಿಕ್ ಕೂಡ ಭರವಸೆ ನೀಡಲಾರ. ದಾರಿಯಲ್ಲಿ ನಿಂತ ಸರಕು, ತಪ್ಪಿದ ಗಡುವು, ಬೇಸರಗೊಂಡ ಗಿರಾಕಿ, ಇವನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಹೊಣೆ ಯಾರದು?

ಎಳೆ ಕೆಟ್ಟದ್ದು ಕಾರ್ಯಾಗಾರದಲ್ಲಿಯೇ ಆದರೆ ವೆಚ್ಚ ಭರಿಸುವವರು ಯಾರೆಂಬ ವಿವಾದ ಸಹಜ. ದುರಸ್ತಿಗೆ ಒಪ್ಪಿಸಿದ ವಾಹನದ ವಿಷಯದಲ್ಲಿ ಕಾರ್ಯಾಗಾರದವರು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ವಹಿಸಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 151ನೆಯ ಪ್ರಕರಣ ಹೇಳುತ್ತದೆ. ಅದೇ ಕಾಯ್ದೆಯ 170ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಒಪ್ಪಂದದಂತೆ ಕೌಶಲ ಅಥವಾ ಶ್ರಮ ವಿನಿಯೋಗಿಸಿ ಕೆಲಸ ಮುಗಿಸಿದವರು ತಮಗೆ ಸಲ್ಲಬೇಕಾದ ಹಣ ಬರುವವರೆಗೆ ವಸ್ತುವನ್ನು ತಮ್ಮಲ್ಲೇ ಇರಿಸಿಕೊಳ್ಳಬಹುದು. ಹೀಗಾಗಿ ಜಗಳವಾಡಿ ಹಣ ತಡೆಹಿಡಿದರೆ ವಾಹನವೇ ನಿಂತುಬಿಡುವ ಸಂಭವವಿದೆ.

ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಗ್ರಾಹಕ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸುವವರಿಗೆ ವಿನಾಯಿತಿ ಉಂಟು. ಈ ಎಲ್ಲ ಸಂದರ್ಭಗಳಲ್ಲಿ ನೆರವಿಗೆ ಬರುವುದು ಜಾಬ್ ಕಾರ್ಡ್. ವಾಹನ ಒಪ್ಪಿಸುವಾಗ ಪ್ಲಗ್ ಜಿನುಗುತ್ತಿತ್ತೇ ಇಲ್ಲವೇ ಎಂಬುದನ್ನು ಅದರಲ್ಲಿ ಬರೆಯಿಸಬೇಕು. ತಯಾರಕರ ವಾರಂಟಿ ಇರುವ ವಾಹನವಾದರೆ, ಬೇರೆಡೆ ಕೊರೆಯಿಸುವ ಮೊದಲು ಅಧಿಕೃತ ಕಾರ್ಯಾಗಾರದ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಲೆಕ್ಕ ಮತ್ತು ತೆರಿಗೆ

ಪ್ಲಗ್, ವಾಷರ್, ಬುಷ್, ಪ್ಯಾನ್, ಇವುಗಳ ವೆಚ್ಚವೆಲ್ಲ ಇದ್ದ ವಾಹನವನ್ನು ಇದ್ದ ಸ್ಥಿತಿಯಲ್ಲಿ ಕಾಪಾಡುವ ವೆಚ್ಚ. ಇದು ರಾಜಸ್ವ ವೆಚ್ಚವಾಗಿ ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಸೇರುತ್ತದೆ. ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ಕಳೆಯುವ ಅಗತ್ಯವಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಪ್ರಕರಣ ಯಂತ್ರ ಮತ್ತು ಸ್ಥಾವರಗಳ ಚಾಲ್ತಿ ದುರಸ್ತಿಯ ವೆಚ್ಚಕ್ಕೆ ಅವಕಾಶ ನೀಡಿತ್ತು. ಆ ಕಾಯ್ದೆಯ ಸ್ಥಾವರದ ವ್ಯಾಖ್ಯೆಯಲ್ಲಿ ವಾಹನವೂ ಸೇರಿತ್ತು. ಬಂಡವಾಳ ಸ್ವರೂಪದ ವೆಚ್ಚ ಇದರಲ್ಲಿ ಸೇರದೆಂಬ ವಿವರಣೆಯನ್ನು 2003ರ ಹಣಕಾಸು ಕಾಯ್ದೆ ಜೋಡಿಸಿತು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇರುವ ಆಸ್ತಿಯನ್ನು ಸಂರಕ್ಷಿಸುವ ವೆಚ್ಚ ಚಾಲ್ತಿ ದುರಸ್ತಿಯೆಂದೂ ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಹಾಗಲ್ಲವೆಂದೂ ಸ್ಪಷ್ಟಪಡಿಸಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಪ್ರಕರಣಗಳ ಸಂಖ್ಯೆ ಬದಲಾಗಿದ್ದರೂ ತತ್ತ್ವ ಮುಂದುವರಿದಿದೆ.

ಇಡೀ ಗೇರ್ ಪೆಟ್ಟಿಗೆಯನ್ನೇ ಹೊಸದಾಗಿ ಹಾಕಿಸಿದಾಗ ಮಾತ್ರ ವೆಚ್ಚದ ಸ್ವರೂಪವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ಅಂದಾಜು ಆದಾಯದ ಯೋಜನೆಯಡಿ ತೆರಿಗೆ ಸಲ್ಲಿಸುವವರಿಗೆ ದುರಸ್ತಿಯ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಅವರ ಪಾಲಿಗೆ ಪ್ರತಿ ದುರಸ್ತಿಯೂ ನೇರವಾಗಿ ಜೇಬಿನಿಂದಲೇ ಹೋಗುವ ಹಣ.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ಸರಕು ಸಾಗಿಸುವ ವಾಹನದ ದುರಸ್ತಿಗೆ ತೆತ್ತ ತೆರಿಗೆಯನ್ನು ನೋಂದಾಯಿತ ವ್ಯಾಪಾರಿಯು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚಿಲ್ಲದ ಆಸನದ ಪ್ರಯಾಣಿಕ ವಾಹನಗಳ ದುರಸ್ತಿಗೆ, ಕಾಯ್ದೆಯಲ್ಲಿ ಹೇಳಿದ ಕೆಲವು ಬಳಕೆಗಳ ಹೊರತು, 17(5)ನೆಯ ಪ್ರಕರಣ ಈ ಕ್ರೆಡಿಟನ್ನು ತಡೆಯುತ್ತದೆ. ಮಾಲೀಕರ ಕಾರೂ ಸಂಸ್ಥೆಯ ಸರಕು ವಾಹನವೂ ಒಂದೇ ಕಾರ್ಯಾಗಾರಕ್ಕೆ ಹೋಗುವುದುಂಟು. ಆದುದರಿಂದ ಪ್ರತಿ ಬಿಲ್ಲಿನಲ್ಲೂ ವಾಹನದ ನೋಂದಣಿ ಸಂಖ್ಯೆ ಇರುವಂತೆ ನೋಡಿಕೊಳ್ಳಬೇಕು. ದಿನವೊಂದಕ್ಕೆ ಒಬ್ಬರಿಗೆ ರೂ. 10,000ಕ್ಕಿಂತ ಹೆಚ್ಚು ನಗದು ಪಾವತಿ ಮಾಡಿದರೆ ಆ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲವೆಂಬುದನ್ನೂ ದೊಡ್ಡ ದುರಸ್ತಿಯ ವೇಳೆ ಮರೆಯಬಾರದು.

ಮುನ್ನೆಚ್ಚರಿಕೆ

ದುರಸ್ತಿಗಿಂತ ಮುನ್ನೆಚ್ಚರಿಕೆ ಅಗ್ಗವೆಂಬುದು ಇಲ್ಲಿ ಅಕ್ಷರಶಃ ಸತ್ಯ. ವಾಹನದ ಮಾಲೀಕರು ಚಾಲಕರಿಗೂ ಮೆಕ್ಯಾನಿಕ್‌ಗೂ ಈ ಕೆಳಗಿನ ಕ್ರಮಗಳನ್ನು ರೂಢಿ ಮಾಡಿಸುವುದು ಒಳ್ಳೆಯದು.

(ಅ) ಪ್ರತಿ ಎಣ್ಣೆ ಬದಲಾವಣೆಗೂ ಹೊಸ ವಾಷರ್ ಹಾಕಿಸಬೇಕು. ಕೆಲವು ವಾಷರುಗಳನ್ನು ಅಂಗಡಿಯಲ್ಲೇ ಇಟ್ಟುಕೊಳ್ಳಬಹುದು.

(ಆ) ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಬಿಗಿತವನ್ನು ಟಾರ್ಕ್ ರೆಂಚಿನಿಂದಲೇ ಕೊಡಿಸಬೇಕು.

(ಇ) ಎಣ್ಣೆ ಇಳಿಸುವ ಪ್ಲಗ್ ಬಿಚ್ಚುವ ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಬರುತ್ತದೆಯೇ ಎಂದು ನೋಡಬೇಕು. ಮೇಲಿನದು ಸಿಕ್ಕಿಕೊಂಡಿದ್ದರೆ, ಎಣ್ಣೆ ಇಳಿಸಿದ ವಾಹನ ಅಲ್ಲೇ ನಿಲ್ಲಬೇಕಾಗುತ್ತದೆ.

(ಈ) ದುರಸ್ತಿಯ ನಂತರ ವಾಹನವನ್ನು ಸ್ವಲ್ಪ ಓಡಿಸಿ, ಕೆಳಗೆ ಹಳೆಯ ರಟ್ಟು ಹಾಸಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಹನಿ ಬಿದ್ದಿದೆಯೇ ಎಂದು ನೋಡಬೇಕು. ಒಂದು ವಾರದ ನಂತರ ಎಣ್ಣೆಯ ಮಟ್ಟವನ್ನು ಮತ್ತೆ ಪರೀಕ್ಷಿಸಬೇಕು.

(ಉ) ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದು ಅಧಿಕೃತ ಸಂಗ್ರಾಹಕರಿಗೆ ಅಥವಾ ಮರುಸಂಸ್ಕರಣೆದಾರರಿಗೆ ಸೇರಬೇಕು.

(ಊ) ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಹಾಕಿದ ಪ್ಲಗ್‌ನ ಅಳತೆ ಮತ್ತು ಬಿಲ್ಲಿನ ಸಂಖ್ಯೆಯನ್ನು ಬರೆಯಬೇಕು. ದೊಡ್ಡ ಅಳತೆಯ ಪ್ಲಗ್ ಅಥವಾ ಬುಷ್ ಹಾಕಿಸಿದ್ದರೆ ಅದನ್ನು ತಪ್ಪದೆ ನಮೂದಿಸಬೇಕು. ಇಲ್ಲವಾದರೆ ಮುಂದಿನ ಮೆಕ್ಯಾನಿಕ್ ಹಳೆಯ ಅಳತೆಯ ಪ್ಲಗ್ ತಂದು ಎಳೆಯನ್ನು ಮತ್ತೆ ಕೆಡಿಸುತ್ತಾನೆ.

ಚಾಲಕನು 'ಪ್ಲಗ್ ಸ್ವಲ್ಪ ಸ್ಲಿಪ್ ಆಗುತ್ತಿದೆ' ಎಂದು ಹೇಳಿದ ದಿನ ಮಾಲೀಕರ ಮುಂದಿರುವುದು ಅರ್ಧ ದಿನದ ಕೆಲಸ ಮತ್ತು ಚಿಕ್ಕ ಬಿಲ್ಲು. ಆ ಮಾತನ್ನು ಅಂದೇ ಪುಸ್ತಕದಲ್ಲಿ ಬರೆದು, ಅದರ ಮುಂದೆ ದುರಸ್ತಿಯ ದಿನಾಂಕವನ್ನು ಗೊತ್ತುಪಡಿಸಿ, ಅಲ್ಲಿಯವರೆಗೆ ವಾಹನವನ್ನು ದೂರದ ಊರಿಗೆ ಕಳುಹಿಸದಿರುವುದು ಯೋಗ್ಯ.